ಬೇರೆಯವರ ಭಾಷಣದ ಸಾಲು ಹಾಕಬಹುದಾ?

ವಾರ್ಡ್ ಸಭೆಯ ಭಾಷಣಕ್ಕೆ ದೊಡ್ಡ ನಾಯಕರೊಬ್ಬರ ನಾಲ್ಕು ಸಾಲು ಹಾಗೇ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಿ ಸರ್, ಆದರೆ ಅವರ ಹೆಸರು ಹೇಳಿ. ವಚನ ಹೇಳುವಾಗ ಶರಣರ ಹೆಸರು ಹೇಳ್ತೀವಲ್ವಾ, ಹಾಗೆ.

1987ರಲ್ಲಿ ಅಮೆರಿಕದ ಜೋ ಬೈಡನ್ ಎಡವಿದ್ದು ಇಲ್ಲೇ. ತಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯಕ್ಕೆ ಹೋದ ಮೊದಲಿಗ ತಾನು ಅಂತ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ನೀಲ್ ಕಿನಕ್ ಭಾಷಣ ಮಾಡಿದ್ದರು. ಬೈಡನ್ ಮೊದಲು ಕಿನಕ್ ಹೆಸರು ಹೇಳಿಯೇ ಆ ಮಾತು ಬಳಸುತ್ತಿದ್ದರು. ಅಯೋವಾ ರಾಜ್ಯದಲ್ಲಿ ಒಮ್ಮೆ ಹೆಸರು ಬಿಟ್ಟು, ತಮ್ಮದೇ ಕತೆ ಅನ್ನುವಂತೆ ಹೇಳಿದರು. ಮಾತಿನ ಜೊತೆ ಇನ್ನೊಬ್ಬರ ಬದುಕನ್ನೂ ಎರವಲು ತಂದಂತಾಯ್ತು. ಇಂಥವೇ ಇನ್ನೂ ಕೆಲವು ಆರೋಪ ಸೇರಿ, ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸ್ಪರ್ಧೆಯಿಂದಲೇ ಹಿಂದೆ ಸರಿದರು. 2016ರಲ್ಲಿ ಮೆಲಾನಿಯಾ ಟ್ರಂಪ್ ಭಾಷಣದಲ್ಲೂ ಮಿಶೆಲ್ ಒಬಾಮಾ 2008ರಲ್ಲಿ ಆಡಿದ ಸಾಲು ಸಿಕ್ಕವು. ಬರೆದುಕೊಟ್ಟವರು ತಪ್ಪು ಒಪ್ಪಿಕೊಂಡರು.

ನಾನೂ ಹುಬ್ಬಳ್ಳಿಯಲ್ಲಿ ಒಬ್ಬರಿಗೆ ಭಾಷಣ ಬರೆದುಕೊಡುತ್ತೇನೆ. ಮೊದಲ ಸಲ ‘ತಾಯಂದಿರೇ, ನಿಮ್ಮ ಕಣ್ಣೀರು ಒರೆಸುತ್ತೇನೆ’ ಅಂತ ಎಲ್ಲಿಂದಲೋ ಎತ್ತಿದ ಸಾಲು ಹಾಕಿದ್ದೆ. ಜನ ಸುಮ್ನೆ ಕೂತಿದ್ದರು. ಮುಂದಿನ ಸಲ ಬರೆಯುವ ಮೊದಲು ಓಣಿಗೇ ಹೋಗಿ ಕಟ್ಟೆ ಮೇಲೆ ಕೂತೆ. ‘ರಾತ್ರಿ ಎರಡಕ್ಕ ನಳ ಬಂದ್ರ ಎದ್ದು ಕೊಡ ಇಡೋರು ಯಾರ್ರಿ?’ ಅಂದರು ಒಬ್ಬ ಅಜ್ಜಿ. ಅವರನ್ನು ಕೇಳಿಯೇ ಆ ಮಾತು ಬರೆದುಕೊಂಡೆ. ವೇದಿಕೆ ಮೇಲೂ ‘ಈ ಓಣಿಯ ಅಜ್ಜಿ ಕೇಳಿದ್ದು’ ಅಂತಲೇ ಹೇಳಿಸಿದೆ. ಹಿಂದಿನ ಸಾಲಿನಿಂದ ‘ಖರೇ ಐತ್ರಿ’ ಅಂತ ದನಿ ಬಂತು.

ನಿಮ್ಮ ವಾರ್ಡಿನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಮೊದಲ ಸಾಲು ಅಲ್ಲಿಂದಲೇ ಶುರು ಮಾಡಿ.