ಚುರುಮುರಿ ಬೇಕು, ಗಾಡಿ ಬೇಡ ಅಂದರೆ ಹೇಗೆ?

ಪುಣೆಯಲ್ಲಿ ನೆಲೆಸಿರುವ ಮೈಸೂರಿನ ಹಿರಿಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರಾಂಶ ಇಷ್ಟು: 1974ರಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟರು. ಈಚೆಗೆ ಮೊಮ್ಮಗಳನ್ನು ಕರೆದುಕೊಂಡು ಬಂದು ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ, ಅಗ್ರಹಾರ ಎಲ್ಲ ಸುತ್ತಿದರು. ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಸಂಜೆ ನಿಲ್ಲುತ್ತಿದ್ದ ಚುರುಮುರಿ ಗಾಡಿ ಕಾಣಲಿಲ್ಲ. ದೋಸೆಯಲ್ಲಿ ಹಳೇ ರುಚಿಯಿಲ್ಲ, ಮಲ್ಲಿಗೆಯಲ್ಲಿ ಘಮವಿಲ್ಲ, ರಸಬಾಳೆ ಎಲ್ಲೂ ಸಿಗಲಿಲ್ಲ. ‘ಈಗಿನವರಿಗೆ ಶ್ರದ್ಧೆಯೇ ಇಲ್ಲ. ನಮ್ಮ ಮೈಸೂರು ಮುಗಿದುಹೋಯಿತು’ ಎಂದು ನೊಂದುಕೊಂಡಿದ್ದಾರೆ. ಕೊನೇ ಪುಟದಲ್ಲಿ ಇನ್ನೊಂದು ಮಾತಿದೆ: ‘ಫುಟ್‌ಪಾತ್ ತುಂಬ ಗಾಡಿಗಳು, ಬುಟ್ಟಿಗಳು. ಪಾಲಿಕೆಯವರು ಎಲ್ಲವನ್ನೂ ಎತ್ತಿಸಿ ಊರನ್ನು ಮೊದಲಿನ ಹಾಗೆ ಅಂದವಾಗಿ ಮಾಡಬೇಕು. ನೀವು ಈ ಬಗ್ಗೆ ಗಟ್ಟಿಯಾಗಿ ಬರೆಯಬೇಕು.’

ಸ್ವಾಮೀ, ಬರೆಯಿರಿ ಅಂದಿರಿ, ಬರೆಯುತ್ತಿದ್ದೇನೆ. ಆದರೆ ನೀವು ಕೇಳಿದ ಹಾಗಲ್ಲ.

ನಿಮ್ಮ ಪತ್ರದ ಮೊದಲ ಎರಡು ಪುಟ ನಮ್ಮ ಕಚೇರಿಯಲ್ಲಿ ಎಲ್ಲರ ಕೈಗೂ ಹೋಯಿತು. ಅಷ್ಟು ಚೆನ್ನಾಗಿ ಬರೆದಿದ್ದೀರಿ. ಗಾಡಿಯವರು ಪೊಟ್ಟಣ ಕೈಗಿಟ್ಟ ಮೇಲೂ ನಾಲ್ಕು ಕಾಳು ಖಾರದ ಕಡಲೆಬೀಜ ಮೇಲಿಂದ ಉದುರಿಸುತ್ತಿದ್ದರು, ಅದಕ್ಕೆ ಕಾಸು ಕೇಳುತ್ತಿರಲಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ನಮ್ಮ ಪ್ರೂಫ್ ನೋಡುವವರು ಆಗಲೇ ಹುಡುಗನನ್ನು ಕಳಿಸಿ ಎಲ್ಲರಿಗೂ ಚುರುಮುರಿ ತರಿಸಿಬಿಟ್ಟರು. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪುರಿ ಮೆತ್ತಗಾಗಿತ್ತು.

ಅಲ್ಲಿಂದಲೇ ನನ್ನ ಮಾತು ಶುರು ಮಾಡುತ್ತೇನೆ. ಚುರುಮುರಿ ಕಟ್ಟಿಸಿಕೊಂಡು ಹೋಗುವ ತಿಂಡಿಯಲ್ಲ. ಮಾಡುವವರ ಪಕ್ಕ ನಿಂತು ನೋಡಿದರೆ ಗೊತ್ತಾಗುತ್ತದೆ. ಮೊದಲು ಪಾತ್ರೆಗೆ ಪುರಿ. ಮೇಲೆ ಹೆಚ್ಚಿದ ಈರುಳ್ಳಿ, ಟೊಮೇಟೊ, ಕ್ಯಾರೆಟ್ ತುರಿ, ಕಾಲ ಇದ್ದರೆ ಮಾವಿನಕಾಯಿ ತುರಿ. ಉಪ್ಪು, ಖಾರ, ಚಮಚದ ತುದಿಯಷ್ಟು ಕೊಬ್ಬರಿ ಎಣ್ಣೆ, ಕೊತ್ತಂಬರಿ. ಆಮೇಲೆ ಚಮಚದಲ್ಲಿ ಟಣಟಣ ಅಂತ ಕಲಸುತ್ತಾರೆ. ಕಲಸುತ್ತಲೇ ನಿಮ್ಮ ಮುಖ ನೋಡುತ್ತಾರೆ. ‘ಖಾರ ಸಾಕಾ? ನಿಂಬೆಹಣ್ಣು ಹಿಂಡಲಾ?’ ಮಗು ಜೊತೆಗಿದ್ದರೆ ಕೇಳದೆಯೇ ಒಂದರಲ್ಲಿ ಖಾರ ಕಡಿಮೆ. ತರಕಾರಿ ನೀರು ಬಿಡುವ ಮುಂಚೆ ತಿನ್ನಬೇಕು. ತಡವಾದರೆ ಕಥೆ ಮುಗಿಯಿತು. ಹಾಗಾಗಿ ನಿಂತೇ ತಿನ್ನಬೇಕು, ಅಲ್ಲೇ ತಿನ್ನಬೇಕು. ಹವಾನಿಯಂತ್ರಿತ ಹೋಟೆಲಿನಲ್ಲಿ ಗಾಜಿನ ಬಟ್ಟಲಿಗೆ ಹಾಕಿ ಕೊಟ್ಟ ಚುರುಮುರಿಯನ್ನೂ ತಿಂದಿದ್ದೇನೆ. ಸಾಮಾನೆಲ್ಲ ಅದೇ ಇತ್ತು, ಚುರುಮುರಿ ಮಾತ್ರ ಆಗಿರಲಿಲ್ಲ.

ನೀವು ಹುಡುಕಿಕೊಂಡು ಬಂದ ರುಚಿ ಇದ್ದದ್ದು ಆ ಗಾಡಿಯಲ್ಲಿ, ಆ ಫುಟ್‌ಪಾತಿನಲ್ಲಿ. ಎರಡನೇ ಪುಟದಲ್ಲಿ ಆ ಗಾಡಿ ಇಲ್ಲ ಅಂತ ಅಳುತ್ತೀರಿ. ಮೂರನೇ ಪುಟದಲ್ಲಿ ಇರುವ ಗಾಡಿ ಎತ್ತಿಸಿ ಅಂತೀರಿ. ಇನ್ನು ಐವತ್ತು ವರ್ಷ ಆದ ಮೇಲೆ ನಿಮ್ಮ ಮೊಮ್ಮಗಳು ಯಾವ ಗಾಡಿ ನೆನೆಸಿಕೊಂಡು ಪತ್ರ ಬರೆಯಬೇಕು?

ನೀವು ಹೇಳಿದ್ದರಲ್ಲಿ ನ್ಯಾಯ ಇಲ್ಲ ಅನ್ನುವುದಿಲ್ಲ. ಫುಟ್‌ಪಾತ್ ಇರುವುದು ನಡೆಯುವವರಿಗೆ. ವಯಸ್ಸಾದವರು ರಸ್ತೆಗಿಳಿದು ಬಸ್ಸಿನ ಪಕ್ಕ ನಡೆಯುವಂತಾಗಬಾರದು. ಲೋಟ ತೊಳೆಯುವ ನೀರು ಶುದ್ಧವಾಗಿರಬೇಕು. ಒಪ್ಪಿದೆ. ಆದರೆ ಅದೇ ಫುಟ್‌ಪಾತಿನ ಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತ ಕಾರು, ಸಾಲು ಸ್ಕೂಟರು, ದೊಡ್ಡ ಅಂಗಡಿಗಳು ಮುಂದಕ್ಕೆ ಚಾಚಿದ ಮೆಟ್ಟಿಲು, ಇವು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಗಾಡಿ ಬರುವುದು ಸಂಜೆ, ಹೋಗುವುದು ರಾತ್ರಿ. ಅದರ ಮುಂದೆ ನಾಲ್ಕು ಜನ ನಿಂತು ಮಾತಾಡುತ್ತಾರೆ. ಕಾರಿನ ಮುಂದೆ ಯಾರು ನಿಲ್ಲುತ್ತಾರೆ?

ಈಗ ಶ್ರದ್ಧೆಯ ವಿಚಾರ. ಈ ಮಾತು ನನಗೆ ಬಹಳ ನೋವು ಕೊಟ್ಟಿತು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ರಸಬಾಳೆ ಸಿಗಲಿಲ್ಲ ಅಂದಿರಿ. ನಂಜನಗೂಡಿನ ರೈತರಿಗೆ ಶ್ರದ್ಧೆ ಕಡಿಮೆಯಾಗಿ ಹಾಗಾಯಿತೇ? ಪನಾಮ ಸೊರಗು ರೋಗ ಅಂತ ಒಂದಿದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ ಗಿಡವನ್ನೇ ಒಣಗಿಸುತ್ತದೆ. ಒಂದು ಸಲ ತೋಟಕ್ಕೆ ಬಂತೆಂದರೆ ವರ್ಷಗಟ್ಟಲೆ ಮಣ್ಣು ಬಿಟ್ಟು ಹೋಗುವುದಿಲ್ಲ. ರಸಬಾಳೆ ಅದಕ್ಕೆ ಬೇಗ ತುತ್ತಾಗುವ ತಳಿ. ಸಾಲ ಮಾಡಿ ನೆಟ್ಟು, ಕಣ್ಣೆದುರೇ ಸೊರಗಿದ್ದು ನೋಡಿ ಬೇರೆ ಬೆಳೆಗೆ ಹೋದವರನ್ನು ಬೈಯುವುದು ಹೇಗೆ? ಇಷ್ಟರ ನಡುವೆಯೂ ಕೆಲವರು ಹಟ ಹಿಡಿದು ಬೆಳೆಯುತ್ತಿದ್ದಾರೆ. ಶ್ರದ್ಧೆ ಅಂದರೆ ಅವರದ್ದು.

ವೀಳ್ಯದೆಲೆಯ ಕಥೆ ಇನ್ನೊಂದು. ಬಾಯಲ್ಲಿಟ್ಟರೆ ಕರಗುವ ಆ ಚಿಗುರೆಲೆಯ ತೋಟಗಳು ನಂಜನಗೂಡು ರಸ್ತೆ, ವಿದ್ಯಾರಣ್ಯಪುರಂ ಕಡೆ ಇದ್ದವು. ಊರು ಅತ್ತ ಬೆಳೆಯಿತು, ತೋಟ ಸೈಟಾಯಿತು. ಈರನಗೆರೆ ಬದನೆಕಾಯಿಗೆ ಹೆಸರು ಕೊಟ್ಟ ಈರನಗೆರೆ ಈಗ ನಗರದೊಳಗಿನ ಬಡಾವಣೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಟ್ಯಾಗ್, ಅಂದರೆ ಈ ಊರಿನ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದೆ. ಹೆಸರಿಗೆ ಕಾಗದದ ರಕ್ಷಣೆ ಬಂತು. ಗಿಡ ನಿಲ್ಲುವ ನೆಲಕ್ಕೆ ಯಾರ ರಕ್ಷಣೆಯೂ ಬರಲಿಲ್ಲ. ಹೀಗಿರುವಾಗ ದಂಡೆ ಕಟ್ಟುವ ಹೆಂಗಸಿನ ಮೇಲೆ ತಪ್ಪು ಹೊರಿಸಿದರೆ ಅವರು ಏನು ಮಾಡಬೇಕು ಹೇಳಿ.

ದೋಸೆ? ನಜರ್‌ಬಾದಿನ ಮೈಲಾರಿಗೆ ಹೋಗಿದ್ದಿರೋ ಇಲ್ಲವೋ ಬರೆದಿಲ್ಲ. ಇಂದಿಗೂ ಅಲ್ಲಿ ಮೆತ್ತನೆಯ ದೋಸೆ, ಮೇಲೆ ಬೆಣ್ಣೆ, ಜೊತೆಗೆ ಕಾಯಿ ಚಟ್ನಿ. ಜಾಗಕ್ಕೆ ಕಾದು, ಗುರುತಿಲ್ಲದವರ ಪಕ್ಕ ಕೂತು ತಿನ್ನಬೇಕು. ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಒಂದು ಸಲ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುವ ಕೈಗಳು ನಮ್ಮೂರಿನ ಎಷ್ಟೋ ಸಣ್ಣ ಹೋಟೆಲುಗಳಲ್ಲಿ ಇನ್ನೂ ಇವೆ. ಬಾಡಿಗೆ ಕಟ್ಟಿ, ಗ್ಯಾಸ್ ಸಿಲಿಂಡರ್ ಕೊಂಡು, ಇಬ್ಬರಿಗೆ ಸಂಬಳ ಕೊಟ್ಟು ಬೆಳಗಿನ ಜಾವಕ್ಕೇ ಬಾಗಿಲು ತೆಗೆಯುವವರು ಅವರು. ಹತ್ತು ರೂಪಾಯಿ ಜಾಸ್ತಿ ಮಾಡಿದರೆ ನಾವೇ ಮೊದಲು ಮುಖ ಸಿಂಡರಿಸುತ್ತೇವೆ, ಅಲ್ವಾ?

ಮೈಸೂರು ಪಾಕ್ ಬಗ್ಗೆ ನೀವು ಒಂದು ಇಡೀ ಪ್ಯಾರಾ ಬರೆದಿದ್ದೀರಿ. ಓದಿ ಖುಷಿಯಾಯಿತು. ಅದು ಹುಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಅನ್ನುತ್ತಾರೆ. ಕಡಲೆಹಿಟ್ಟು, ತುಪ್ಪ, ಸಕ್ಕರೆ, ಇಷ್ಟೇ. ಅವರ ವಂಶದವರ ಅಂಗಡಿ, ಗುರು ಸ್ವೀಟ್ಸ್, ಇವತ್ತಿಗೂ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಅದರ ಮುಂದೆ ನಿಂತವರನ್ನು ನೋಡಿದಾಗೆಲ್ಲ ನನಗೆ ಅನ್ನಿಸುವುದು ಒಂದೇ. ಅರಮನೆಯ ಅಡುಗೆಮನೆಯಲ್ಲೇ ಉಳಿದಿದ್ದರೆ ಆ ಪಾಕ ನಮ್ಮ ನಿಮ್ಮ ನಾಲಿಗೆಗೆ ಎಲ್ಲಿ ಸಿಗುತ್ತಿತ್ತು? ಬೀದಿಗೆ ಬಂತು, ಊರಿನದ್ದಾಯಿತು.

ಆ ಬೀದಿಗೇ ಈಗ ಕುತ್ತು ಬಂದಿರುವುದು. ‘ಪಾರಂಪರಿಕ ನಗರಿ’ ಅಂತ ಊರ ತುಂಬ ಫಲಕ ಹಾಕಿದ್ದೇವೆ. 2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದುರಸ್ತಿ ನಡೆಯುತ್ತಿರುವಾಗಲೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಧನ್ವಂತರಿ ರಸ್ತೆ ಕಡೆ ಬಿದ್ದಿತು. ಆಮೇಲೆ ಕೆಡವಬೇಕೋ, ಉಳಿಸಬೇಕೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ತಜ್ಞರು ಗೋಡೆಯ ಸುಣ್ಣ, ಗಾರೆ, ಕಮಾನು ಪರೀಕ್ಷೆ ಮಾಡಿದರು. ಮಾಡಲೇಬೇಕು. ಆದರೆ ಆ ಕಮಾನಿನ ಕೆಳಗೆ ಮೂರು ತಲೆಮಾರಿನಿಂದ ಬಾಳೆಹಣ್ಣು ಮಾರುವವರು, ಕುಂಕುಮ ಗುಡ್ಡೆ ಹಾಕಿ ಕೂರುವವರು, ವೀಳ್ಯದೆಲೆ ಕಟ್ಟುವವರು ಪರಂಪರೆಯ ಲೆಕ್ಕಕ್ಕೆ ಬರುವುದು ಯಾವಾಗ? ಪ್ರವಾಸೋದ್ಯಮದ ಪೋಸ್ಟರಿನಲ್ಲಿ ಆ ಕುಂಕುಮದ ಗುಡ್ಡೆಯದ್ದೇ ಫೋಟೊ. ದಸರಾ ಬಂದರೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತಿಸುತ್ತೇವೆ, ಆಹಾರ ಮೇಳ ಮಾಡುತ್ತೇವೆ. ವರ್ಷವಿಡೀ ಊರಿಗೆ ತಿಂಡಿ ಕೊಟ್ಟವರನ್ನು ಅದೇ ಹೊತ್ತಿಗೆ ‘ಸ್ವಲ್ಪ ದಿನ ಆ ಕಡೆ ಹೋಗಿ’ ಅನ್ನುತ್ತೇವೆ.

ಸುಮ್ನೆ ಹೇಳುತ್ತಿಲ್ಲ. ಮಾರುಕಟ್ಟೆಯ ಹೊರಗೆ ನಾನು ಹೂವು ಕೊಳ್ಳುವ ಒಬ್ಬ ತಾಯಿ ಇದ್ದಾರೆ. ಬಾಳೆನಾರಿನಲ್ಲಿ ಮೊಗ್ಗು ಸೇರಿಸುವಾಗ ಕೈ ನೋಡುವುದೇ ಇಲ್ಲ. ಎಡಗೈ ಬೆರಳ ಮೇಲೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಬಲಗೈ ಒಂದು ಸುತ್ತು, ಒಂದು ಎಳೆತ. ಮಾತು ನಡೆಯುತ್ತಲೇ ಇರುತ್ತದೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಅಳೆದು, ಕತ್ತರಿಸುವ ಮುಂಚೆ ಹೂವನ್ನು ಮೂರು ಬೆರಳಷ್ಟು ಮುಂದಕ್ಕೆ ಜಾರಿಸುತ್ತಾರೆ. ಆ ಮೂರು ಬೆರಳು ನಿಮ್ಮ ಗಾಡಿಯವರ ಕಡಲೆಬೀಜದ ಹಾಗೆಯೇ, ಲೆಕ್ಕಕ್ಕಿಲ್ಲ. ಅವರ ಅಮ್ಮನೂ ಅದೇ ಜಾಗದಲ್ಲಿ ಕೂತಿದ್ದರಂತೆ. ಆಯುಧಪೂಜೆ ಸಮಯ ಹೂವಿಗೆ ಬೆಲೆ ಬರುವ ಸಮಯ. ಆಗಲೇ ಬುಟ್ಟಿ ಎತ್ತು ಅನ್ನುತ್ತಾರೆ ಎಂದು ಹೇಳುವಾಗ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

ಇನ್ನು ಕಾನೂನಿನ ಮಾತು. ‘ಕಾನೂನು ಪ್ರಕಾರ ಎತ್ತಿಸಬೇಕು’ ಎಂದಿದ್ದೀರಿ. ಕಾನೂನು ಹಾಗೆ ಹೇಳುವುದಿಲ್ಲ ಸ್ವಾಮೀ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆ ತಂದಿತು. ಮೊದಲು ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೂ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟಿಸು ಕೊಡಬೇಕು. ಊರಿನಲ್ಲಿ ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಕೂಡದು ಎಂಬ ವಿಚಾರಕ್ಕೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇಕಡ 40ರಷ್ಟಾದರೂ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಡೆಯುವವರ ದಾರಿಯ ಚಿಂತೆಯನ್ನೂ ಅಲ್ಲೇ ಕೂತು ಬಗೆಹರಿಸಬೇಕು. ಲಾರಿ ತಂದು ಗಾಡಿ ತುಂಬಿಕೊಂಡು ಹೋಗುವುದು ಬಗೆಹರಿಸುವ ರೀತಿಯಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು. ಜನ ತಾವಾಗಿಯೇ ಕೊಳ್ಳಲು, ಮಾರಲು ಸೇರುತ್ತ ಬಂದ ಸಂತೆಯಂಥ ಜಾಗದಲ್ಲಿ ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ವ್ಯಾಪಾರ ಮಾಡುತ್ತಿದ್ದರೆ, ಅದನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಬೇರೆಡೆಗೆ ಕಳಿಸಬಾರದು ಎನ್ನುತ್ತದೆ. ಗೋಡೆಗಲ್ಲ, ಗಾಡಿಗೆ ಮತ್ತು ಬುಟ್ಟಿಗೆ ಸಿಗುವ ಪಾರಂಪರಿಕ ಪಟ್ಟ ಇದು.

ಆದರೆ 50 ವರ್ಷ ಎಂದು ತೋರಿಸುವುದು ಹೇಗೆ? ಹೂವಿನ ತಾಯಿಯ ಬಳಿ ಯಾವ ಕಾಗದ ಇದೆ? ಅವರ ಅಮ್ಮನಿಗೆ ಯಾರೂ ರಸೀದಿ ಬರೆದುಕೊಡಲಿಲ್ಲ. ಬಾಡಿಗೆ ಕರಾರಿಲ್ಲ, ಲೈಸೆನ್ಸಿಲ್ಲ. ಅವರು ಅಲ್ಲಿದ್ದರು ಎಂದು ಬಲ್ಲವರು ಅವರಿಂದ ಕೊಂಡವರು ಮಾತ್ರ. ಅಂದರೆ ನೀವು. 1974ಕ್ಕೆ ಮುಂಚೆ ಚಿಕ್ಕ ಗಡಿಯಾರದ ಹತ್ತಿರ ಸಂಜೆ ಹೊತ್ತು ಗಾಡಿ ನಿಲ್ಲುತ್ತಿತ್ತು, ಏನು ಮಾರುತ್ತಿದ್ದರು, ಎಷ್ಟಕ್ಕೆ ಕೊಡುತ್ತಿದ್ದರು ಎಂದು ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ, ಅದನ್ನು ಹಳೇ ನೆನಪು ಅಂತ ಮೂಲೆಗಿಡಬೇಡಿ. ಆ ಎರಡು ಪುಟ ಆ ಬೀದಿಯ ಪರವಾಗಿ ಒಳ್ಳೆಯ ಸಾಕ್ಷಿ. ಮೂರನೇ ಪುಟ ಹರಿದುಹಾಕಿದರೆ ಸಾಕು.

ಹಾಗಾಗಿ ಇನ್ನೊಂದು ಪತ್ರ ಬರೆಯಿರಿ. ಈ ಸಲ ಬೇಸರ ಪಕ್ಕಕ್ಕಿಡಿ, ವಿವರ ಜಾಸ್ತಿ ಇರಲಿ. ಯಾವ ತಿರುವು, ಯಾವ ಅಂಗಡಿಯ ಎದುರು, ಯಾವ ವರ್ಷದಿಂದ ನೋಡಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತಿದ್ದರು, ಅಕ್ಕಪಕ್ಕ ಇನ್ಯಾರು ಕೂರುತ್ತಿದ್ದರು. ದಸರಾದಲ್ಲೋ ಮದುವೆಗೆ ಜವಳಿ ತರಲು ಹೋದಾಗಲೋ ತೆಗೆಸಿದ ಹಳೇ ಫೋಟೊದ ಹಿಂದೆ ಒಂದು ಗಾಡಿ, ಒಂದು ಬುಟ್ಟಿ ಕಂಡರೂ ಪ್ರತಿ ಮಾಡಿಸಿ ಕಳಿಸಿ. ಕೊನೆಯಲ್ಲಿ ಸಹಿ, ತಾರೀಖು ಇರಲಿ. ಮಂಡಿ ಮೊಹಲ್ಲಾ, ಅಗ್ರಹಾರ, ಅಶೋಕ ರಸ್ತೆ, ನಂಜನಗೂಡಿನ ತೇರಿನ ಬೀದಿ ಕಂಡ ಬೇರೆ ಓದುಗರಿಗೂ ಇದೇ ಮಾತು. ಬಂದದ್ದನ್ನೆಲ್ಲ ಅಚ್ಚು ಹಾಕುತ್ತೇವೆ. ಒಂದು ಪ್ರತಿ ಪಾಲಿಕೆಯ ವ್ಯಾಪಾರ ಸಮಿತಿಗೆ, ಒಂದು ಪ್ರತಿ ಬೀದಿ ವ್ಯಾಪಾರಿಗಳಿಗೆ ತಲುಪಿಸುವ ಕೆಲಸ ನಮ್ಮದು.

— ಸಂಪಾದಕ