ತಾತನ ಎತ್ತು, ಬ್ರಾಕೆಟ್ಟಿನ ಹುರುಳಿ

ಪ್ರಶ್ನೆ: ಮೇಡಂ, ನಮ್ಮನೇಲಿ ಒಂದು ಜೊತೆ ಹಳ್ಳಿಕಾರ್ ಎತ್ತಿದ್ವು. ನಾನು ಏಳನೇ ಕ್ಲಾಸಲ್ಲಿದ್ದಾಗ ಬೋರ್‌ವೆಲ್ ಸಾಲ ತೀರಿಸೋಕೆ ಅಂತ ತಾತ ಅವನ್ನ ಮಾರ್ಬಿಟ್ರು. ಅದರ ಬಗ್ಗೆ ಒಂದು ಕವಿತೆ ಬರೆದು ಫ್ರೆಂಡ್ಸ್‌ಗೆ ತೋರಿಸಿದ್ರೆ "ಎತ್ತು ಅಳೋದೆಲ್ಲ ಹಳೇ ಸಿನಿಮಾ ಥರ ಇದೆ, ಈಗಿನ ಕವಿತೇಲಿ ಇದೆಲ್ಲ ನಡೆಯಲ್ಲ" ಅಂದ್ರು. ನಿಜವಾಗ್ಲೂ ನಡೆಯಲ್ವಾ? (ಎತ್ತು ಹೋದ ದಿನ ರಾತ್ರೀನೂ ತಾತ ಮರೆತು ಅವಕ್ಕೆ ಅಂತ ಹುರುಳಿ ನೆನೆಹಾಕಿದ್ರು, ಬೆಳಿಗ್ಗೆ ಅಜ್ಜಿ ಏನೂ ಮಾತಾಡ್ದೆ ಅದನ್ನೇ ಬೇಯಿಸಿ ಬಸ್ಸಾರು ಮಾಡಿದ್ರು. ಇದನ್ನ ಕವಿತೇಲಿ ಹಾಕಿಲ್ಲ, ಸುಮ್ನೆ ಹೇಳ್ದೆ.)
— ಓದುಗರು, ತುರುವೇಕೆರೆ

ಉತ್ತರ: ಅಲ್ರೀ, ಕವಿತೆ ಇರೋದೇ ಆ ಬ್ರಾಕೆಟ್ ಒಳಗೆ! ನೀವು ಕಳಿಸಿರೋ ಹದಿನಾರು ಸಾಲಲ್ಲಿ 'ಮೂಕಜೀವ' ಮೂರು ಸಲ, 'ಕಂಬನಿ' ಎರಡು ಸಲ ಬಂದಿದೆ, ನಿಮ್ಮೂರಲ್ಲಿ ಯಾರಾದ್ರೂ ಕಂಬನಿ ಅಂತಾರಾ ಹೇಳಿ. ತಾತ ಅಳಲಿಲ್ಲ ಅಂತ ಎತ್ತಿನ ಕೈಲಿ ಅಳಿಸ್ತಿದ್ದೀರ, ಅದೇ ಯಡವಟ್ಟು. ನಿಮ್ಮ ಫ್ರೆಂಡ್ಸ್‌ಗೆ ಏನೋ ಸರಿಯಿಲ್ಲ ಅನ್ಸಿದೆ, ಆದ್ರೆ ಕಾರಣ ತಪ್ಪು ಕೊಟ್ಟಿದ್ದಾರೆ ಅಷ್ಟೆ.

ಲಂಕೇಶರ 'ಅವ್ವ' ಇನ್ನೊಂದ್ಸಲ ತೆಗೆದು ನೋಡಿ. ಅದ್ರಲ್ಲಿ ತಾಯಿ ಕರಡಿ ಥರ ಮಕ್ಕಳನ್ನ ಹೊತ್ತವಳು, ನೊಂದ ನಾಯಿ ಥರ ಬೈದು ಗೊಣಗಿದವಳು, ಸಣ್ಣತನದಲ್ಲಿ ಕೋತಿ ಥರ. ಹೆತ್ತ ತಾಯೀನ ಕೋತಿಗೆ ಹೋಲಿಸೋಕೆ ಎಷ್ಟು ಸಲುಗೆ ಬೇಕು ನೋಡಿ, ಸತಿ ಸಾವಿತ್ರಿ ಅಂತ ಹಾರ ಹಾಕಿ ಕೂರಿಸೋದು ಸುಲಭ ಇತ್ತು, ಮಾಡಲಿಲ್ಲ. ಅವಳು ಅತ್ತಿದ್ದೂ ದೊಡ್ಡ ದೊಡ್ಡ ಕಾರಣಕ್ಕಲ್ಲ, ಸತ್ತ ಕರುಗೆ ಅತ್ತಳು, ತಪ್ಪಿಸಿಕೊಂಡ ಮುದಿ ಎಮ್ಮೆ ಹುಡುಕ್ತಾ ಊರೂರು ಅಲೆದಳು. ಆ ಎಮ್ಮೆ ಯಾವುದರ ಸಂಕೇತಾನೂ ಅಲ್ಲ, ಎಮ್ಮೇನೇ. ನಾನಂತೂ ಆ ಜಾಗಕ್ಕೆ ಬಂದಾಗೆಲ್ಲ ಒಂದು ನಿಮಿಷ ನಿಲ್ತೀನಿ.

ಆಮೇಲೆ ಪೋಲೆಂಡಿನ ಶಿಂಬೋರ್ಸ್ಕಾ, 1996ರಲ್ಲಿ ನೊಬೆಲ್ ಬಂತಲ್ಲ, ಅವರದ್ದೊಂದು ಬೆಕ್ಕಿನ ಕವಿತೆ ಇದೆ. ಅವರ ಬಹುಕಾಲದ ಸಂಗಾತಿ, ಲೇಖಕ ಕೊರ್ನೆಲ್ ಫಿಲಿಪೋವಿಚ್ 1990ರಲ್ಲಿ ತೀರ್ಕೊಂಡ್ರು, 1993ರ ಸಂಕಲನದಲ್ಲಿ ಈ ಕವಿತೆ ಬಂತು. ಇಡೀ ಕವಿತೇಲಿ ಕವಿ ತಮ್ಮ ದುಃಖದ ಸುದ್ದೀನೇ ಎತ್ತಲ್ಲ! ಖಾಲಿ ಮನೇಲಿ ಬೆಕ್ಕೊಂದೇ ಇದೆ. ಮೆಟ್ಟಿಲ ಮೇಲೆ ಸಪ್ಪಳ ಆಗುತ್ತೆ, ಆದ್ರೆ ಅದು ಬೇರೆಯವರ ಕಾಲಿಂದು. ತಟ್ಟೆಗೆ ಮೀನು ಹಾಕೋ ಕೈಯೂ ಬೇರೆ. ಅವನು ಬರಲಿ ಮಾಡ್ತೀನಿ, ಓಡಿಹೋಗಿ ಮೈಮೇಲೆ ಬೀಳಲ್ಲ, ಮನಸ್ಸಿಲ್ಲದೋರ ಹಂಗೆ ನಿಧಾನಕ್ಕೆ ಹೋಗ್ತೀನಿ ಅಂತ ಬೆಕ್ಕು ಮುನಿಸ್ಕೊಂಡು ಪ್ಲಾನ್ ಹಾಕ್ತಿರುತ್ತೆ. ಅವನು ಬರಲ್ಲ ಅನ್ನೋದು ನಮಗೆ ಗೊತ್ತು, ಬೆಕ್ಕಿಗೆ ಗೊತ್ತಿಲ್ಲ. ಓದೋರಿಗೆ ಹೊಟ್ಟೆ ಹಿಂಡೋದು ಅಲ್ಲೇ. ನಿಮ್ಮ ತಾತನ ಕೈಗೂ ಎತ್ತು ಹೋಗಿರೋದು ಗೊತ್ತಿರಲಿಲ್ಲ ಅಲ್ವಾ, ಅಭ್ಯಾಸದ ಮೇಲೆ ಹುರುಳಿ ನೆನೆಹಾಕ್ತು.

ರಕ್ತ ಸಗಣಿ ಎಲ್ಲ ಬರೀಬಹುದಾ ಅಂತ ಪತ್ರದ ಕೊನೇಲಿ ಬೇರೆ ಕೇಳಿದ್ದೀರ, ಧಾರಾಳವಾಗಿ ಬರೀರಿ. ಇಂಗ್ಲೆಂಡಿನ ಕವಿ ಟೆಡ್ ಹ್ಯೂಸ್ 1970ರ ದಶಕದಲ್ಲಿ ಡೆವನ್‌ನಲ್ಲಿ ಹೆಂಡತಿ, ಮಾವನ ಜೊತೆ ದನ ಕುರಿ ಸಾಕ್ತಿದ್ರು. ಹೆರಿಗೇಲಿ ತಲೆ ಮಾತ್ರ ಆಚೆ ಬಂದು ಸತ್ತುಹೋದ ಮರಿಯ ತಲೆ ಕತ್ತರಿಸಿ ತಾಯಿ ಕುರೀನ ಉಳಿಸಿದ್ದನ್ನ ಬರೆದು, ಬರೀ ತಾರೀಖನ್ನೇ ಹೆಸರು ಇಟ್ಟಿದ್ದಾರೆ, ಫೆಬ್ರವರಿ 17 ಅಂತ. ಇಂಥವನ್ನ ಅವರು ಆಗಿಂದಾಗ್ಲೇ ಗೀಚಿಡ್ತಿದ್ರಂತೆ, ತಡ ಮಾಡಿದ್ರೆ ನೆನಪು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತೆ ಅಂತ. ಮಾವ 1976ರಲ್ಲಿ ತೀರ್ಕೊಂಡ ಮೇಲೆ ಅವರ ಬಗ್ಗೆ ಬರೆದಾಗ್ಲೂ ಅವರ ದೊಡ್ಡ ದೊಡ್ಡ ಕೈಗಳನ್ನ ಮರೀಲಿಲ್ಲ.

ನಿಮಗೆ ಆಗಿಂದಾಗ್ಲೇ ಬರೆಯೋ ಚಾನ್ಸ್ ತಪ್ಪಿದೆ, ಪರವಾಗಿಲ್ಲ, ಅಜ್ಜಿ ಇದ್ರೆ ಹೋಗಿ ಕೇಳಿ. ಹುರುಳಿ ಯಾವ ಪಾತ್ರೇಲಿ ನೆನೆಹಾಕ್ತಿದ್ರು, ಆ ಸಾರನ್ನ ತಾತ ಊಟ ಮಾಡಿದ್ರಾ ಇಲ್ವಾ, ಹಗ್ಗ ಎತ್ತಿನ ಜೊತೆ ಕೊಟ್ಟು ಕಳಿಸಿದ್ರಾ ಅಥ್ವಾ ಬಿಚ್ಕೊಂಡ್ರಾ. ಮತ್ತೆ ಎತ್ತಿನ ಹೆಸರೇ ಬರೆದಿಲ್ವಲ್ಲ ನೀವು!

ಪ್ರಶ್ನೆ: 'ಗೋವಿನ ಹಾಡು' ಇರೋವಾಗ ಪ್ರಾಣಿ ನೋವಿನ ಬಗ್ಗೆ ಹೊಸದಾಗಿ ಬರೆಯೋಕೆ ಏನಿದೆ?
— ಓದುಗರು, ಶಿರಾ

ಉತ್ತರ: ಬೇಕಾದಷ್ಟಿದೆ. ದಲಿತ ಕವಿ ಎನ್.ಕೆ. ಹನುಮಂತಯ್ಯ ಅವರ ಒಂದು ಕವಿತೆ ಹೆಸರೇ 'ಗೋವು ತಿಂದು ಗೋವಿನಂತಾದವನು'. ಹುಲಿ ಆ ಕಡೆ, ಹಸು ಈ ಕಡೆ ಅಂತ ನಾವು ಸ್ಕೂಲಲ್ಲಿ ಕಲ್ತಿದ್ದು ಆ ಮೂರು ಪದಕ್ಕೇ ಅಲ್ಲಾಡಿಹೋಗುತ್ತೆ. ಅದು ಬಿಡಿ, ಹಳೇ ಹಾಡಲ್ಲೇ ಎಲ್ಲರೂ ಪುಣ್ಯಕೋಟಿ ಸತ್ಯ ಅಂತ ಕೊಟ್ಟ ಮಾತನ್ನ ಹಾಡ್ಕೋತಾರೆ, ಇನ್ಮೇಲೆ ಯಾರ ಹಾಲು ಕುಡೀಲಿ, ಯಾರ ಹತ್ರ ಮಲಗಲಿ ಅಂತ ಕೇಳೋ ಕರುವಿನ ಕಡೆ ನಿಂತು ಬರೆದಿರೋರು ಎಷ್ಟು ಜನ ಇದ್ದಾರೆ? ನೀವೇ ಶುರು ಮಾಡಿ.