"ಯಾರ್ದೋ ಮಗುನ ನೋಡ್ಕೊಳ್ತಿದೀನಿ ಅನ್ಸುತ್ತೆ ಮೇಡಂ": ಬಾಣಂತನದ ಒಂದು ಕೇಸು

ಹೆಸರು, ಊರು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಶೈಲ ಅಂತ ಕರೆಯೋಣ, ವಯಸ್ಸು 27, ಗಂಡ ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್, ಬಾಣಂತನಕ್ಕೆ ಹಾಸನದ ಹತ್ರ ತವರಿಗೆ ಬಂದಿದ್ರು. ಮಗುಗೆ ಏಳು ವಾರ. ಕರ್ಕೊಂಡು ಬಂದಿದ್ದು ಅವರಮ್ಮ, "ಇವ್ಳು ರಾತ್ರಿಯೆಲ್ಲಾ ಎದ್ದಿರ್ತಾಳೆ, ಹಿಂಗಾದ್ರೆ ಹಾಲು ಬತ್ತೋಗುತ್ತೆ, ನೀವಾದ್ರೂ ಹೇಳಿ ಮೇಡಂ" ಅಂತ.

ಅಮ್ಮನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿದ್ಮೇಲೆ ಶೈಲ ಬಾಯ್ಬಿಟ್ರು. ಮಗು ಮಲಗಿದ್ರೂ ಇವರಿಗೆ ನಿದ್ದೆ ಬರಲ್ಲ, ಉಸಿರಾಡ್ತಿದ್ಯಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ತಾನೇ ಇರ್ತಾರೆ, ಎದೆ ಡವಡವ ಹೊಡ್ಕೊಳುತ್ತೆ, ಅಷ್ಟು ಭಯ ಇದ್ರೂ ಎತ್ಕೊಂಡಾಗ ಮಾತ್ರ ಏನೂ ಅನ್ಸಲ್ಲ. "ಯಾರ್ದೋ ಮಗುನ ನೋಡ್ಕೊಳ್ತಿದೀನಿ ಅನ್ಸುತ್ತೆ ಮೇಡಂ, ನಾನೆಂಥ ತಾಯಿ" ಅಂತ ಅತ್ರು. ಇನ್ನೊಂದು ಮಾತು ಹೇಳೋಕೆ ತುಂಬಾ ಹೊತ್ತು ತಗೊಂಡ್ರು, ಹಿತ್ತಲಲ್ಲಿ ಬಾವಿ ಇದೆ, ಮಗು ಕೈಯಿಂದ ಜಾರಿ ಒಳಗೆ ಬಿದ್ದಂಗೆ ಕಣ್ಮುಂದೆ ಬರುತ್ತಂತೆ, ಅದಕ್ಕೆ ಹಿತ್ತಲಿಗೆ ಹೋಗೋದೇ ಬಿಟ್ಟಿದ್ರು.

ಇಂಥ ಯೋಚನೆ ಬಹಳ ಬಾಣಂತಿಯರಿಗೆ ಬರುತ್ತೆ, ನಾಚಿಕೆಗೆ ಯಾರೂ ಹೇಳಲ್ಲ ಅಷ್ಟೇ. ಯೋಚನೆ ಬಂತಲ್ಲಾ ಅಂತ ನಡುಗಿ ದೂರ ಸರಿಯೋರಿಗೆ ಇರೋದು ಆತಂಕ. ಯಾರೋ ಕಿವಿಯಲ್ಲಿ ಹೇಳ್ತಿದಾರೆ ಅನ್ನೋದು, ಮಗುಗೆ ಏನೋ ಸೇರ್ಕೊಂಡಿದೆ ಅಂತ ನಂಬೋದು, ಎರಡ್ಮೂರು ದಿನ ನಿದ್ದೆನೇ ಇಲ್ದೆ ಅಸಂಬದ್ಧ ಮಾತಾಡೋದು, ಇದು ಬೇರೆ ಕಾಯಿಲೆ, ಸಾವಿರಕ್ಕೆ ಒಬ್ಬಿಬ್ಬರಿಗೆ ಬರುತ್ತೆ, ಹೆಚ್ಚಾಗಿ ಹೆರಿಗೆಯಾದ ಮೊದಲೆರಡು ವಾರದಲ್ಲೇ, ಅದಕ್ಕೆ ಅವತ್ತೇ ಆಸ್ಪತ್ರೆಗೆ ಓಡ್ಬೇಕು, ದೃಷ್ಟಿ ತೆಗೆಯೋದು ತಾಯತ ಕಟ್ಟೋದು ಅಂತ ಕಾಯ್ಬಾರ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಅಡ್ಮಿಟ್ ಮಾಡ್ಕೊಳೋ ವಾರ್ಡೇ ಇದೆ.

ನನಗೆ ಸಂಕಟ ಆಗಿದ್ದು ಅವರ ಹಿಂದಿನ ಕಥೆ ಕೇಳಿ. ಮೊದಲ ಬಸುರು ನಾಲ್ಕನೇ ತಿಂಗಳಲ್ಲಿ ಹೋಗಿತ್ತು. ಈ ಸಲ ಒಂಬತ್ತು ತಿಂಗಳೂ ಭಯದಲ್ಲೇ ಕಳೆದಿದ್ರು, ಮಗು ಅಲ್ಲಾಡ್ಲಿಲ್ಲ ಅಂತ ಮತ್ತೆ ಮತ್ತೆ ಸ್ಕ್ಯಾನಿಂಗಿಗೆ ಓಡಿದ್ರು, ಪಿಯುಸಿ ಟೈಮಲ್ಲಿ ಒಂದು ಸಲ ಡಿಪ್ರೆಶನ್ನಿಗೆ ಮಾತ್ರೆ ತಗೊಂಡಿದ್ರು, ಅತ್ತೆ ಮನೇಲಿ ಗಂಡು ಮಗುನೇ ಆಗ್ಬೇಕು ಅನ್ನೋ ಮಾತು ಬೇರೆ. ಹುಟ್ಟಿದ್ದು ಹೆಣ್ಣು, ಸಿಸೇರಿಯನ್, ಮಗು ಎರಡು ದಿನ ಐಸಿಯುನಲ್ಲಿತ್ತು. ಹಿಂದೆ ಡಿಪ್ರೆಶನ್ ಇದ್ದಿದ್ದು, ಬಸುರಲ್ಲೇ ಇದ್ದ ಆತಂಕ, ಮಗು ಕಳ್ಕೊಂಡಿದ್ದು, ಗಂಡು ಬೇಕು ಅನ್ನೋ ಒತ್ತಡ, ಹೆಗಲು ಕೊಡೋರು ಇಲ್ಲದೇ ಇರೋದು, ಇವೇ ಬಾಣಂತನದಲ್ಲಿ ಡಿಪ್ರೆಶನ್, ಆತಂಕ ಆಗ್ಬಹುದು ಅಂತ ಮೊದಲೇ ಹೇಳೋ ಗುರುತುಗಳು. ಇದ್ದ ಮಾತ್ರಕ್ಕೆ ಆಗೇ ಆಗುತ್ತೆ ಅಂತಲ್ಲ, ಆದ್ರೆ ಇಂಥೋರನ್ನ ಏಳನೇ ತಿಂಗಳಿಂದಾನೇ ಕೇಳ್ತಾ ಇರ್ಬೇಕು. ಶೈಲ ಅವರ ತಾಯಿ ಕಾರ್ಡಲ್ಲಿ ಬಿಪಿ, ತೂಕ, ಹಿಮೋಗ್ಲೋಬಿನ್ ಎಲ್ಲಾ ಅಚ್ಚುಕಟ್ಟಾಗಿತ್ತು, ಈ ಭಯದ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ನಮ್ಮ ದೇಶದ ಸ್ಟಡಿಗಳನ್ನ ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 22 ಬಾಣಂತಿಯರಿಗೆ ಡಿಪ್ರೆಶನ್ ಕಂಡಿತ್ತು, ಇದು ಅಪರೂಪದ ಕಾಯಿಲೆ ಅಲ್ವೇ ಅಲ್ಲ.

ಹೆರಿಗೆಯಾದ ಮೊದಲ ವಾರ ಸುಮ್ಸುಮ್ನೆ ಅಳು ಬರೋದು ಸಹಜ, ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ಏಳು ವಾರ ಅಂದ್ರೆ ಆ ಲೆಕ್ಕ ಅಲ್ಲ. ಬಾಣಂತಿಯರ ಡಿಪ್ರೆಶನ್ ಗುರುತಿಸೋಕೆ ಎಡಿನ್‌ಬರೋ ಸ್ಕೇಲ್ ಅಂತ 1987ರಿಂದ ಬಳಕೆಯಲ್ಲಿರೋ ಹತ್ತು ಪ್ರಶ್ನೆ ಇದೆ, ಕನ್ನಡದಲ್ಲೂ ಇದೆ, ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತೆ, ಒಟ್ಟು 30 ಅಂಕ, 13 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರಿಗೆ ತೋರಿಸ್ಲೇಬೇಕು ಅಂತ ಇಟ್ಕೊಳಿ. ಶೈಲ ಅವರದ್ದು 17. ಭಯ, ಗಾಬರಿ ಬಗ್ಗೆ ಇರೋ ಮೂರು ಪ್ರಶ್ನೆಗಳಲ್ಲೇ ಜಾಸ್ತಿ ಬಂದಿತ್ತು. ಮುಖ ಸಪ್ಪಗಿದ್ರೆ ಮಾತ್ರ ಜನ ಗಮನಿಸೋದು, ಬಾಣಂತಿ ಗಾಬರಿ ಬಿದ್ರೆ "ಮೊದಲ್ನೇ ಮಗು ಅಲ್ವಾ" ಅಂತ ಬಿಟ್ಬಿಡ್ತಾರೆ. ಹತ್ತನೇ ಪ್ರಶ್ನೆ, ಜೀವ ತೆಗೆದುಕೊಳ್ಳೋ ಯೋಚನೆದು, ಅದಕ್ಕೆ "ಯಾವಾಗ್ಲೋ ಒಂದ್ಸಲ" ಅಂದ್ರು. ಇಲ್ಲಿ ಅಂಕ ನೋಡ್ಕೊಂಡು ಕೂರೋ ಹಾಗಿಲ್ಲ, ಹೇಗೆ, ಎಲ್ಲಿ ಅಂತ ಏನಾದ್ರೂ ಅನ್ಕೊಂಡಿದೀರಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ್ರು, ಆದ್ರೂ ಅವರ ಒಪ್ಪಿಗೆ ಮೇಲೆ ಅಮ್ಮನ್ನ ಒಳಗೆ ಕರೆದು ವಿಷಯ ಹೇಳಿ, ಒಬ್ಬರನ್ನೇ ಬಿಡ್ಬೇಡಿ ಅಂದು, ಅವತ್ತೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ.

ಮಾತ್ರೆ ತಗೊಂಡ್ರೆ ಹಾಲು ಕುಡಿಸೋ ಹಾಗಿಲ್ವಲ್ಲ ಅನ್ನೋದು ಅಮ್ಮನ ದೊಡ್ಡ ಚಿಂತೆ. ಡಾಕ್ಟರು ಡಿಪ್ರೆಶನ್, ಆತಂಕಕ್ಕೆ ಕೊಡೋ ಸರ್ಟ್ರಾಲಿನ್ ಮಾತ್ರೆ ಕೊಟ್ರು, ಹಾಲಿಗೆ ತೀರಾ ಕಡಿಮೆ ಹೋಗೋ ಔಷಧ, ಕುಡಿಸ್ತಾ ಇರಿ ಅಂದ್ರು. ನಾನು ಮೊದಲು ಹಿಡಿದಿದ್ದು ನಿದ್ದೆನ, ರಾತ್ರಿ ಒಂದು ಹೊತ್ತು ಹಿಂಡಿಟ್ಟ ಹಾಲನ್ನ ಅಜ್ಜಿ ಕುಡಿಸ್ಲಿ, ಶೈಲಗೆ ಒಂದೇ ಸಮ ನಾಲ್ಕೈದು ಗಂಟೆ ನಿದ್ದೆ ಬೇಕೇ ಬೇಕು.

ಆಮೇಲೆ ಬಾಣಂತನದ್ದೇ ಒಂದು ವಿಷಯ. ನಮ್ ಕಡೆ ಬಾಣಂತಿಗೆ ಮೈ ಕಾಯಿಸಿ, ಖಾರ ಕೊಟ್ಟು, ಕೆಲಸ ಮುಟ್ಟಿಸದೆ ನೋಡ್ಕೊಳ್ತಾರಲ್ಲ ಅದು ದೊಡ್ಡ ಪುಣ್ಯ, ಆದ್ರೆ ಆ ಮನೇಲಿ ಮಗುಗೆ ಎಣ್ಣೆ ಹಚ್ಚೋದು, ನೀರು ಹಾಕೋದು, ತೊಟ್ಟಿಲು ತೂಗೋದು ಎಲ್ಲಾ ಅಜ್ಜಿನೇ, ಶೈಲ ಕೈಗೆ ಮಗು ಬರ್ತಿದ್ದಿದ್ದು ಹಸಿದು ಅಳೋವಾಗ ಮಾತ್ರ. ನಗೋ ಮಗು, ಕಣ್ಣರಳಿಸಿ ನೋಡೋ ಮಗು ಅವರಿಗೆ ಸಿಕ್ತಾನೇ ಇರ್ಲಿಲ್ಲ! ಅದಕ್ಕೆ, ಅಮ್ಮಾ ನೀವು ನೀರು ಹಾಕಿ, ಆದ್ರೆ ಎಣ್ಣೆ ಹಚ್ಚೋದು ಮಗಳಿಗೆ ಬಿಡಿ ಅಂದೆ. ಶೈಲಗೆ ಹೇಳಿದ್ದು, ಪ್ರೀತಿ ಬರ್ಲಿ ಅಂತ ಕಾಯ್ಬೇಡಿ, ಇದೆ ಅಂತ ನಟನೆನೂ ಬೇಡ, ಬಟ್ಟೆ ಬಿಚ್ಚಿದ ಮಗುನ ಎದೆ ಮೇಲೆ ಸ್ವಲ್ಪ ಹೊತ್ತು ಮಲಗಿಸ್ಕೊಳಿ, ಅದು ನೋಡಿದ ಕಡೆ ನೀವೂ ನೋಡಿ, ಏನ್ ಮಾಡ್ತಿದೀರೋ ಅದನ್ನೇ ಬಾಯ್ಬಿಟ್ಟು ಹೇಳಿ, "ಈಗ ಕಾಲಿಗೆ ಹಚ್ತೀನಿ ಕಣೇ" ಅಂತ, ಸಾಕು. ಗಂಡನಿಗೆ ಫೋನ್ ಮಾಡಿ, ವಾರಕ್ಕೊಂದ್ಸಲ ಬಂದು ರಾತ್ರಿ ಇದ್ದು ಹೋಗಿ, ಗಂಡು ಹೆಣ್ಣು ಮಾತು ನಿಮ್ಮ ತಾಯಿ ಹತ್ರ ನೀವೇ ನಿಲ್ಲಿಸ್ಬೇಕು ಅಂದೆ, ನಿಲ್ಲಿಸಿದ್ರು.

ಐದನೇ ತಿಂಗಳ ಹೊತ್ತಿಗೆ ಅಂಕ 6ಕ್ಕೆ ಇಳೀತು, ನಿದ್ದೆ ಬರ್ತಿದೆ. ಮಗು ಮೇಲಿನ ಮಮತೆ ಅಷ್ಟು ಬೇಗ ಬರ್ಲಿಲ್ಲ, ಡಿಪ್ರೆಶನ್ ಇಳಿದ ಕೂಡ್ಲೇ ಅದು ತಾನಾಗೇ ಸರಿಹೋಗುತ್ತೆ ಅನ್ನೋ ಹಾಗಿಲ್ಲ, ಅದಕ್ಕೇ ಅಂತ ಸೆಶನ್ ಮುಂದುವರಿಸ್ತಿದೀವಿ. ಹೋದ ಸಲ ಬಂದಾಗ "ಇನ್ನೊಂದು ಮಗು ಆದ್ರೆ ಮತ್ತೆ ಹಿಂಗೇ ಆಗುತ್ತಾ" ಅಂತ ಕೇಳಿದ್ರು. ಆಗೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅದಕ್ಕೆ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಬಸುರಿ ಅಂತ ಗೊತ್ತಾದ ತಕ್ಷಣ ಹೆರಿಗೆ ಡಾಕ್ಟರಿಗೂ ನಿಮ್ಮೂರಿನ ಆಶಾಗೂ ಈ ಸಲದ್ದೆಲ್ಲಾ ಹೇಳಿ, ರಾತ್ರಿ ಹೊತ್ತು ತಡ್ಕೊಳೋಕೆ ಆಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿ ನಂಬರ್ ಅವರ ಫೋನಲ್ಲೂ ಅಮ್ಮನ ಫೋನಲ್ಲೂ ಸೇವ್ ಮಾಡಿಸ್ದೆ.